ಮುಕ್ತ ತಂತ್ರಾಂಶವೂ ಮಲೆನಾಡಿನ ಆಕರಗಳೂ: ಒಂದು ವಿಮರ್ಶೆ

೧

ಇತಿಹಾಸದ ಆಕರಗಳನ್ನು ಕುರಿತು ಬರೆಯುವವರು ಅವುಗಳ ಕಾಲ, ಕರ್ತೃತ್ವ, ಪ್ರಾಮಾಣ್ಯಗಳನ್ನು ವಿಚಾರಿಸುವುದು ವಾಡಿಕೆ. ಆಕರವು ಯಾವ ಸಾಧನದ ಮೂಲಕ ನಮ್ಮ ಕೈಗೆ ಬಂದಿತು, ಮುಂದಿನವರ ಕೈಗೆ ಯಾವ ಸಾಧನದ ಮೂಲಕ ಹೋಗಬೇಕಾಗಿದೆ ಎಂಬ ಪ್ರಶ್ನೆಗೆ ಮಾತ್ರ ತಕ್ಕ ಗಮನ ದೊರೆತಿಲ್ಲ. ಶಿಲೆ, ತಾಮ್ರಪಟ, ತಾಳೆಗರಿ, ಕಡತ, ಮುದ್ರಿತ ಗ್ರಂಥ ಇವುಗಳ ಸಾಲಿಗೆ ಈಗ ಗಣಕಯಂತ್ರವೂ ಸೇರಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳ ಚರಿತ್ರೆಯನ್ನು ಅಭ್ಯಸಿಸುವವನಿಗೆ ಇದು ದೂರದ ವಿಷಯವಲ್ಲ. ಈ ಸೀಮೆಯ ಶಾಸನಗಳ ಪಾಠ, ಕೆಳದಿ ಅರಸರ ಕಾಲದ ದಾಖಲೆಗಳ ಪ್ರತಿ, ವಿದ್ಯಾರ್ಥಿಗಳ ಪ್ರಬಂಧ ಎಲ್ಲವೂ ಇಂದು ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತವೆ.

ಯಂತ್ರವಾದರೋ ಬದಲಾಗುತ್ತಲೇ ಇರುತ್ತದೆ. ಹೊಸ ರಚನೆಯ ಯಂತ್ರ ಬಂದಾಗ ಹಳೆಯ ಸಾಧನಗಳಲ್ಲಿ ಯಾವುವು ಅದರೊಡನೆ ಬರುತ್ತವೆ, ಯಾವುವು ಹಿಂದೆಯೇ ಉಳಿಯುತ್ತವೆ? ಈ ಪ್ರಶ್ನೆಯನ್ನು ಕನ್ನಡದ ಅನುಭವದ ಬೆಳಕಿನಲ್ಲಿ ಪರಾಮರ್ಶಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ತಂತ್ರಾಂಶದ ಸ್ವಾತಂತ್ರ್ಯವನ್ನು ಅದರ ಬೆಲೆಯಿಂದ ಅಳೆಯಲಾಗದು, ಯಂತ್ರ ಬದಲಾದ ದಿನ ಅದು ಉಳಿಯಬಲ್ಲುದೇ ಎಂಬುದರಿಂದಲೇ ಅಳೆಯಬೇಕು ಎಂಬುದು ಇಲ್ಲಿ ಪ್ರತಿಪಾದಿಸುವ ಅಭಿಪ್ರಾಯ.

೨

ವಿಷಯದ ತಾಂತ್ರಿಕ ಭಾಗವನ್ನು ಮೊದಲು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಅಗತ್ಯ. ತಂತ್ರಾಂಶವನ್ನು ರಚಿಸುವವನು ಅದನ್ನು ಮನುಷ್ಯರು ಓದಬಲ್ಲ ಒಂದು ಭಾಷೆಯಲ್ಲಿ ಬರೆಯುತ್ತಾನೆ. ಸೋರ್ಸ್ ಕೋಡ್ ಎಂದು ಕರೆಯಲ್ಪಡುವ ಇದನ್ನು ನಾವು ಮೂಲಪಾಠ ಎನ್ನಬಹುದು. ಕಂಪೈಲರ್ ಎಂಬ ಸಾಧನವು ಈ ಮೂಲಪಾಠವನ್ನು ಒಂದು ನಿರ್ದಿಷ್ಟ ಪ್ರೊಸೆಸರಿಗೆ ಅರ್ಥವಾಗುವ ಆಜ್ಞೆಗಳನ್ನಾಗಿ ಭಾಷಾಂತರಿಸುತ್ತದೆ. ಅಂಗಡಿಯಲ್ಲಿ ಮಾರಾಟವಾಗುವುದು ಬಹುಮಟ್ಟಿಗೆ ಈ ಭಾಷಾಂತರವೇ ಹೊರತು ಮೂಲಪಾಠವಲ್ಲ. ಪ್ರೊಸೆಸರಿನ ರಚನೆ ಬೇರೆಯಾದರೆ ಆ ಭಾಷಾಂತರ ನೇರವಾಗಿ ನಡೆಯದು. ಹಳೆಯ ಯಂತ್ರದ ವರ್ತನೆಯನ್ನು ಅನುಕರಿಸಿ ಅದನ್ನು ನಡೆಸುವ ಉಪಾಯಗಳುಂಟು. ಆದರೆ ಅವು ಆಸರೆಗೋಲುಗಳೇ. ಮೂಲಪಾಠ ಕೈಯಲ್ಲಿದ್ದವನು ಹೊಸ ಯಂತ್ರಕ್ಕೆ ತಕ್ಕಂತೆ ಮತ್ತೊಮ್ಮೆ ಭಾಷಾಂತರಿಸಿಕೊಳ್ಳಬಲ್ಲನು. ಇಲ್ಲದವನು ತಯಾರಕನ ಕೃಪೆಗೆ ಕಾಯಬೇಕು.

೧೯೮೩ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದರು. ತಂತ್ರಾಂಶವನ್ನು ಬಳಸುವ, ಅದರ ಮೂಲಪಾಠವನ್ನು ಓದಿ ತಿದ್ದುವ, ಪ್ರತಿಮಾಡಿ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ಹಕ್ಕುಗಳು ಬಳಕೆದಾರನಿಗೆ ಸೇರಿದವು ಎಂಬುದು ಅದರ ತಳಹದಿ. ಈ ಹಕ್ಕುಗಳನ್ನು ಕಾಪಾಡುವ ಸಾರ್ವಜನಿಕ ಪರವಾನಗಿ ೧೯೮೯ರಲ್ಲಿ ಹೊರಬಂದಿತು. ಆ ಕಾಲದಲ್ಲಿ ವಿದ್ಯಾಪೀಠಗಳು ಬಳಸುತ್ತಿದ್ದ ವರ್ಕ್‌ಸ್ಟೇಷನ್ನುಗಳು ಒಂದೊಂದು ಸಂಸ್ಥೆಯದು ಒಂದೊಂದು ರಚನೆಯವು. ಒಂದರ ತಂತ್ರಾಂಶ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ೧೯೮೭ರಲ್ಲಿ ಪ್ರಕಟವಾದ ಗ್ನೂ ಕಂಪೈಲರ್ ಈ ನಾನಾ ರಚನೆಗಳಿಗೆ ಹೊಂದಿಕೊಂಡಿತು. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಇಂಟೆಲ್ ೩೮೬ ಪ್ರೊಸೆಸರಿಗಾಗಿ ಆರಂಭಿಸಿದ ಲಿನಕ್ಸ್, ೧೯೯೫ರ ವೇಳೆಗೆ ಡಿಜಿಟಲ್ ಸಂಸ್ಥೆಯ ಆಲ್ಫಾ, ಸನ್ ಸಂಸ್ಥೆಯ ಸ್ಪಾರ್ಕ್ ಮೊದಲಾದ ರಚನೆಗಳನ್ನೂ ಮುಟ್ಟಿತು. ಆಲ್ಫಾ ತಯಾರಿಕೆ ನಿಂತು ಬಹುಕಾಲವಾಯಿತು. ಅಂದು ಅದಕ್ಕೆ ಹೊಂದಿಸಿದ ತಂತ್ರಾಂಶದ ಸಂತತಿ ಇಂದಿಗೂ ನಡೆದಿದೆ.

ಇದೇ ಪ್ರಕ್ರಿಯೆ ನಮ್ಮ ಕಣ್ಣ ಮುಂದೆ ಮತ್ತೊಮ್ಮೆ ನಡೆದಿದೆ. ೨೦೧೦ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬ ರಚನೆಯನ್ನು ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು. ಮದರಾಸಿನ ಐ.ಐ.ಟಿ.ಯ ಶಕ್ತಿ, ಸಿ-ಡಾಕ್ ಸಂಸ್ಥೆಯ ವೇಗ ಎಂಬ ಪ್ರೊಸೆಸರುಗಳು ಇದನ್ನೇ ಅನುಸರಿಸಿದವು; ೨೦೨೨ರಲ್ಲಿ ಭಾರತ ಸರಕಾರವು ಈ ರಚನೆಗಾಗಿಯೇ ಒಂದು ಕಾರ್ಯಕ್ರಮವನ್ನು ಪ್ರಕಟಿಸಿತು. ಸ್ವಯಂಸೇವಕರು ನಡೆಸುವ ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯ ೧೩ನೆಯ ಆವೃತ್ತಿ ೨೦೨೫ರ ಆಗಸ್ಟ್ ತಿಂಗಳಲ್ಲಿ ಬಿಡುಗಡೆಯಾದಾಗ ರಿಸ್ಕ್-ಫೈವ್ ಅದರ ಅಧಿಕೃತ ರಚನೆಗಳಲ್ಲಿ ಒಂದಾಗಿ ಸೇರಿತು. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಅಕ್ಷರಶೈಲಿಗಳು ಆ ಭಂಡಾರದಲ್ಲಿ ಮೊದಲೇ ಇದ್ದವು. ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಹಾರ್ಫ್‌ಬಜ್ ಎಂಬ ಸಾಧನದ ಮೂಲಪಾಠವೂ ಕೆ. ಪಿ. ರಾವ್ ಅವರ ಕ್ರಮದ ಕೀಲಿಮಣೆಯೂ ಹಾಗೆಯೇ ಲಭ್ಯವಿದ್ದವು. ಆದುದರಿಂದ ಹೊಸ ಯಂತ್ರದಲ್ಲಿ ಕನ್ನಡಕ್ಕಾಗಿ ಪ್ರತ್ಯೇಕವಾಗಿ ಯಾರನ್ನೂ ಬೇಡಬೇಕಾಗಲಿಲ್ಲ. ಉಳಿದ ಭಾಷೆಗಳೊಡನೆ ಕನ್ನಡವೂ ಬಂದಿತು. ಈ ಸಂಗತಿಯ ಮಹತ್ವ ಅರಿವಾಗಬೇಕಾದರೆ ಇದಕ್ಕೆ ಹಿಂದಿನ ಕಾಲು ಶತಮಾನದಲ್ಲಿ ಕನ್ನಡವು ಪಟ್ಟ ಪಾಡನ್ನು ನೋಡಬೇಕು.

೩

ಗಣಕಯಂತ್ರದಲ್ಲಿ ಕನ್ನಡವು ಮೊದಲು ನೆಲೆಸಿದ್ದು ಪರರ ಮನೆಯಲ್ಲಿ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾಗಿದ್ದ ಸಂಖ್ಯೆಗಳ ಕೋಷ್ಟಕದಲ್ಲಿ, ಆ ಅಕ್ಷರಗಳ ಸ್ಥಾನದಲ್ಲಿಯೇ, ಕನ್ನಡ ಅಕ್ಷರಗಳ ತಲೆಕಟ್ಟು, ಕೊಂಬು, ಒತ್ತು ಮೊದಲಾದ ತುಣುಕುಗಳನ್ನು ಕೂರಿಸಲಾಯಿತು. ಕಡತದೊಳಗೆ ನಿಜವಾಗಿ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಅದನ್ನು ಕನ್ನಡವಾಗಿ ಕಾಣಿಸುತ್ತಿದ್ದುದು ಒಂದು ನಿರ್ದಿಷ್ಟ ಅಕ್ಷರಶೈಲಿ. ಆ ಶೈಲಿ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥಹೀನ ರೋಮನ್ ಲಿಪಿಯ ರಾಶಿ.

ಈ ಪದ್ಧತಿಯಲ್ಲಿ ರಚಿತವಾದ ಸಾಧನಗಳು ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’ವು ದೀರ್ಘಕಾಲ ಹಣವಿಲ್ಲದೆ ದೊರೆಯುತ್ತಿದ್ದು, ಸಾವಿರಾರು ಕನ್ನಡಿಗರಿಗೆ ಯಂತ್ರದಲ್ಲಿ ಅಕ್ಷರಾಭ್ಯಾಸ ಮಾಡಿಸಿತು. ಈ ಶತಮಾನದ ಆರಂಭದಲ್ಲಿ ರಾಜ್ಯ ಸರಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ಕಛೇರಿಗಳಲ್ಲಿ ಕನ್ನಡದ ಬಳಕೆಯನ್ನು ಹೆಚ್ಚಿಸಿತು. ಕೆ. ಪಿ. ರಾವ್ ಅವರ ಕೀಲಿಮಣೆಯು, ಕನ್ನಡದ ಅಕ್ಷರಮಾಲೆಯ ಧ್ವನಿಕ್ರಮವನ್ನು ಬೆರಳುಗಳಿಗೆ ಹೊಂದಿಸಿಕೊಟ್ಟು, ಸರಕಾರ ಅಂಗೀಕರಿಸಿದ ಕ್ರಮಕ್ಕೆ ಆಧಾರವಾಯಿತು.

ಆದರೆ ವಿಮರ್ಶಕನು ಇಲ್ಲಿ ಎರಡು ಗುಣಗಳನ್ನು ಬೇರ್ಪಡಿಸಿ ನೋಡಬೇಕು. ಕೀಲಿಮಣೆಯ ಕ್ರಮವೆಂಬುದು ಒಂದು ವಿಚಾರ. ಅದು ಬಹಿರಂಗವಾಗಿದ್ದುದರಿಂದ ಯಾರು ಬೇಕಾದರೂ ಯಾವ ಯಂತ್ರಕ್ಕೆ ಬೇಕಾದರೂ ಅದನ್ನು ಅಳವಡಿಸಿದರು; ಆದುದರಿಂದಲೇ ಅದು ಇಂದಿಗೂ ಜೀವಂತವಾಗಿದೆ. ಉಳಿದೆರಡು ತಂತ್ರಾಂಶಗಳು ಮುಖ್ಯವಾಗಿ ವಿಂಡೋಸ್ ಎಂಬ ಒಂದೇ ವ್ಯವಸ್ಥೆಗಾಗಿ ರಚಿತವಾದವು. ಬಳಸುವವರು ಪಡೆದದ್ದು ಸಾಧನವನ್ನು, ಮೂಲಪಾಠವನ್ನಲ್ಲ. ಅವು ಉಚಿತವಾಗಿದ್ದವು, ಮುಕ್ತವಾಗಿರಲಿಲ್ಲ. ಈ ವ್ಯತ್ಯಾಸವು ಸಾಧನ ಚೆನ್ನಾಗಿ ನಡೆಯುತ್ತಿರುವಾಗ ಯಾರಿಗೂ ಕಾಣದು. ತಳಹದಿ ಬದಲಾದಾಗ ಮಾತ್ರ ಕಾಣುತ್ತದೆ.

ಆ ಬದಲಾವಣೆ ಯೂನಿಕೋಡ್ ರೂಪದಲ್ಲಿ ಬಂದಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಸ್ವಂತ ಸಂಖ್ಯೆಗಳನ್ನು ಕೊಡುವ ಈ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ, ಎಂದರೆ ೧೯೯೧ರಲ್ಲಿಯೇ, ಕನ್ನಡಕ್ಕೆ ಸ್ಥಾನ ದೊರೆತಿತ್ತು. ಸಾಮಾನ್ಯ ಬಳಕೆದಾರರಿಗೆ ಅದು ಎಟುಕಿದ್ದು ೨೦೦೧ರ ವಿಂಡೋಸ್ ಎಕ್ಸ್‌ಪಿಯ ಕಾಲಕ್ಕೆ. ಅದರೊಡನೆ ಬಂದ ಕನ್ನಡ ಅಕ್ಷರಶೈಲಿಗೆ ‘ತುಂಗಾ’ ಎಂದು ಹೆಸರಿಟ್ಟದ್ದು ತೀರ್ಥಹಳ್ಳಿಯವರಿಗೆ ಸಂತೋಷದ ಸಂಗತಿಯೇ. ಆದರೆ ನದಿಯ ನೀರನ್ನು ದಂಡೆಯಲ್ಲಿರುವವರೆಲ್ಲರೂ ಮೊಗೆದುಕೊಳ್ಳಬಹುದು. ಈ ತುಂಗೆಯನ್ನು ಒಡೆಯನ ಪರವಾನಗಿಯಿಲ್ಲದೆ ಪ್ರತಿಮಾಡಿ ಹಂಚುವಂತಿಲ್ಲ, ತಿದ್ದುವಂತಿಲ್ಲ. ಹೆಸರು ನಮ್ಮದಾದ ಮಾತ್ರಕ್ಕೆ ಸಾಧನ ನಮ್ಮದಾಗುವುದಿಲ್ಲ.

ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ಜನಿಸಿ ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ತಜ್ಞರ ಕೊಠಡಿಯಿಂದ ಸಾರ್ವಜನಿಕ ಚರ್ಚೆಗೆ ತಂದವರಲ್ಲಿ ಪ್ರಮುಖರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ‘ಕುವೆಂಪು’ ಹೆಸರಿನ ತಂತ್ರಾಂಶವನ್ನು ಹೊರತರುವುದರಲ್ಲಿ ಅವರ ಆಸಕ್ತಿ ಕೆಲಸಮಾಡಿತು. ೨೦೦೭ರಲ್ಲಿ ಅವರು ತೀರಿಕೊಂಡರು. ಸಾಹಿತಿಯೊಬ್ಬನು ಅಕ್ಷರದ ಯಂತ್ರರೂಪವನ್ನೂ ತನ್ನ ಹೊಣೆಯೆಂದು ಭಾವಿಸಿದ್ದು ಕನ್ನಡದಲ್ಲಿ ಅಪರೂಪದ ನಿದರ್ಶನ. ಇತಿಹಾಸದ ಅಧ್ಯಾಪಕರಾದ ನಾವು ಆ ಹೊಣೆಯಲ್ಲಿ ನಮ್ಮ ಪಾಲನ್ನು ಹೊತ್ತಿದ್ದೇವೆಯೇ ಎಂಬುದು ವಿಚಾರಾರ್ಹ.

೪

ತಳಹದಿಯ ಬದಲಾವಣೆಯಿಂದ ಇತಿಹಾಸಕಾರನಿಗೆ ಆಗುವ ನಷ್ಟ ಯಾವ ಬಗೆಯದೆಂಬುದನ್ನು ಈ ಸೀಮೆಯ ಆಕರಗಳಿಂದಲೇ ವಿವರಿಸಬಹುದು.

ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವು ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಹುಂಚದ ಪ್ರಸಿದ್ಧವಾದ ೧೦೭೭ರ ಶಾಸನವು ಅಲ್ಲಿ ನಗರ ೩೫ ಎಂಬ ಸಂಖ್ಯೆಯನ್ನು ಪಡೆದಿದೆ. ಈ ಶಾಸನಗಳ ಪಾಠವನ್ನು ಗಣಕಯಂತ್ರದಲ್ಲಿ ಪ್ರತಿಮಾಡುವವನು ಎರಡು ತೊಡಕುಗಳನ್ನು ಎದುರಿಸುತ್ತಾನೆ.

ಮೊದಲನೆಯದು ಅರ್ಕಾವೊತ್ತಿನದು. ಶಾಸನಗಳಲ್ಲಿ ರೇಫದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ‘ಧರ್ಮ್ಮ’, ‘ಸರ್ವ್ವ’ ಎಂದು ಬರೆಯುವುದು ಸಾಮಾನ್ಯ. ಹಳೆಯ ತುಣುಕು ಪದ್ಧತಿಯಲ್ಲಿ ಅರ್ಕಾವೊತ್ತಿನ ತುಣುಕು ಕಣ್ಣಿಗೆ ಕಾಣುವಂತೆ ವ್ಯಂಜನದ ಅನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಲ್ಲಿ ರೇಫವೇ ಮೊದಲು ಬರುತ್ತದೆ. ಹಳೆಯ ಕಡತವನ್ನು ಹೊಸದಕ್ಕೆ ಪರಿವರ್ತಿಸುವಾಗ ಈ ಸ್ಥಾನಪಲ್ಲಟ ಸರಿಯಾಗಿ ನಡೆಯದಿದ್ದರೆ ಪಾಠ ಕೆಡುತ್ತದೆ. ಆಧುನಿಕ ಗದ್ಯದಲ್ಲಿ ಅಂಥ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಶಾಸನಪಾಠದಲ್ಲಿ ಅದು ಲಿಪಿಕಾರನ ವಿಶೇಷವೋ ಯಂತ್ರದ ದೋಷವೋ ಎಂದು ತಿಳಿಯದೆ, ಮುಂದಿನ ಸಂಶೋಧಕನು ಇಲ್ಲದ ರೂಪವೊಂದಕ್ಕೆ ವ್ಯಾಖ್ಯಾನ ಬರೆಯುವ ಅಪಾಯವಿದೆ. ಪರಿವರ್ತಕ ಸಾಧನದ ಮೂಲಪಾಠ ಬಹಿರಂಗವಾಗಿದ್ದರೆ, ಅದು ಯಾವ ನಿಯಮದಿಂದ ಅಕ್ಷರಗಳನ್ನು ಸ್ಥಳಾಂತರಿಸಿತು ಎಂಬುದನ್ನು ಪರೀಕ್ಷಿಸಬಹುದು. ಇಲ್ಲವಾದರೆ ನಮ್ಮ ಪಾಠಾಂತರಗಳಲ್ಲಿ ಕಾಣದ ಕೈಯೊಂದು ಸೇರಿಕೊಳ್ಳುತ್ತದೆ.

ಎರಡನೆಯದು ಹಳಗನ್ನಡದ ವಿಶೇಷ ಅಕ್ಷರಗಳದು. ಶಕಟರೇಫಕ್ಕೂ ರಳಕ್ಕೂ ಯೂನಿಕೋಡಿನಲ್ಲಿ ಸ್ಥಾನವಿದೆ. ಆದರೆ ರಳಕ್ಕೆ ಆ ಪಟ್ಟಿಯಲ್ಲಿ ಕೊಟ್ಟಿರುವ ಹೆಸರು ‘ಫ’! ಫಕಾರಕ್ಕೂ ರಳಕ್ಕೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ಕಟ್ಟಳೆಯಾದುದರಿಂದ, ಹೆಸರು ತಪ್ಪೆಂದು ಟಿಪ್ಪಣಿ ಸೇರಿಸಿ, ಸರಿಯಾದ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಇಟ್ಟಿದ್ದಾರೆ. ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರಪೊಲ್ಲು ಸೇರಿದ್ದು ೨೦೨೧ರಲ್ಲಿ, ಎಂದರೆ ಕನ್ನಡಕ್ಕೆ ಸ್ಥಾನ ದೊರೆತು ಮೂವತ್ತು ವರ್ಷಗಳಾದ ಮೇಲೆ. ಹಳಗನ್ನಡ ಬಲ್ಲವರ ಕಣ್ಣು ಸಕಾಲದಲ್ಲಿ ಆ ಪಟ್ಟಿಯ ಮೇಲೆ ಬಿದ್ದಿದ್ದರೆ ಈ ಕೊರತೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ. ದೋಷ ಯಂತ್ರಜ್ಞರದು ಮಾತ್ರವೆಂದು ಕೈತೊಳೆದುಕೊಳ್ಳುವುದು ವಿದ್ವಾಂಸರಿಗೆ ಶೋಭಿಸದು.

೫

ಇನ್ನು ತಿಗಳಾರಿ ಲಿಪಿಯ ವಿಷಯ. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಸಂಸ್ಕೃತ ಗ್ರಂಥಗಳನ್ನು ತಾಳೆಗರಿಯ ಮೇಲೆ ಬರೆಯಲು ಈ ಲಿಪಿ ವಿಶೇಷವಾಗಿ ಬಳಕೆಯಲ್ಲಿದ್ದಿತು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹವ್ಯಕ ಮನೆತನಗಳಿಗೆ ಇದು ಪರಿಚಿತವಾದುದೇ. ಕೆಳದಿಯ ವಸ್ತುಸಂಗ್ರಹಾಲಯದ ಹಸ್ತಪ್ರತಿಗಳಲ್ಲಿಯೂ ತಿಗಳಾರಿಯ ಗರಿಗಳಿವೆ. ಗರಿ ಉಳಿದಿದ್ದರೂ ಅದನ್ನು ಓದುವವರ ಸಂಖ್ಯೆ ಕ್ಷೀಣಿಸುತ್ತ ಬಂದಿತು.

ಈ ಲಿಪಿಯು ‘ತುಳು-ತಿಗಳಾರಿ’ ಎಂಬ ಹೆಸರಿನಿಂದ ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಯೂನಿಕೋಡಿನ ೧೬ನೆಯ ಆವೃತ್ತಿಯಲ್ಲಿ ಸೇರಿತು. ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರು ಹಸ್ತಪ್ರತಿಗಳ ಆಧಾರದಿಂದ ಸಿದ್ಧಪಡಿಸಿದ ಪ್ರಸ್ತಾವ ಇದಕ್ಕೆ ಕಾರಣ. ಇದು ಅಭಿನಂದನೀಯ, ಆದರೆ ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯುವುದು ಭ್ರಮೆ. ಅಕ್ಷರಕ್ಕೆ ಸಂಖ್ಯೆ ದೊರೆಯುವುದೆಂದರೆ ಊರಿಗೆ ನಿವೇಶನ ಗೊತ್ತಾದಂತೆ ಅಷ್ಟೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಅಕ್ಷರಶೈಲಿ, ಕೀಲಿಮಣೆ, ಕನ್ನಡ ಲಿಪಿಗೆ ಪರಿವರ್ತಿಸುವ ಸಾಧನ, ಚಿತ್ರದಿಂದ ಅಕ್ಷರವನ್ನು ಗುರುತಿಸುವ ಸಾಧನ ಇವೆಲ್ಲ ಬೇಕು. ಒಂದು ಮಾರಾಟದ ಸಂಸ್ಥೆ ಇವನ್ನು ಸಿದ್ಧಪಡಿಸೀತೆಂದು ನಿರೀಕ್ಷಿಸಲಾಗದು, ಏಕೆಂದರೆ ಕೊಳ್ಳುವವರು ವಿರಳ. ಲಾಭವಿಲ್ಲದ ಲಿಪಿಗೆ ಮುಕ್ತ ತಂತ್ರಾಂಶವೊಂದೇ ಗತಿ. ಹೊಸ ಪ್ರೊಸೆಸರಿನ ಸಂಗತಿಯೂ ಹೊಸದಾಗಿ ಸ್ಥಾನ ಪಡೆದ ಲಿಪಿಯ ಸಂಗತಿಯೂ ತತ್ತ್ವತಃ ಒಂದೇ: ತಳಹದಿ ಸಿದ್ಧವಾದೊಡನೆ, ಹಿಂದಿನವರು ಮಾಡಿದ್ದನ್ನು ಎತ್ತಿಕೊಂಡು ಹೊಂದಿಸುವ ಹಕ್ಕೂ ಹೊಂದಿಸಬಲ್ಲ ಕೈಗಳೂ ಇರಬೇಕು.

೬

ಇಲ್ಲಿ ಕೆಲವು ಆಕ್ಷೇಪಗಳು ತಲೆದೋರಬಹುದು. ಮುಕ್ತ ತಂತ್ರಾಂಶವನ್ನು ಕಲಿಸುವವರು ನಮ್ಮ ಕಾಲೇಜುಗಳಲ್ಲಿ ವಿರಳ. ಕಛೇರಿಯಲ್ಲಿ ಎಲ್ಲರೂ ಬಳಸುವುದನ್ನು ಬಿಟ್ಟು ಬೇರೊಂದನ್ನು ಹಿಡಿದವನು ಒಂಟಿಯಾಗುತ್ತಾನೆ ಎಂಬುದು ಮೊದಲನೆಯದು. ಇದು ನಿಜ. ಆದರೆ ಇದು ಶಿಕ್ಷಣದ ಕೊರತೆಯೇ ಹೊರತು ಸಾಧನದ ಕೊರತೆಯಲ್ಲ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೂಲಪಾಠ ಬಹಿರಂಗವಾಗಿದ್ದ ಮಾತ್ರಕ್ಕೆ ತಂತ್ರಾಂಶ ತಾನಾಗಿ ಉಳಿಯುವುದಿಲ್ಲ. ಕನ್ನಡದ ಮೊದಲ ಮುಕ್ತ ಅಕ್ಷರಶೈಲಿಗಳಾದ ಕೇದಗೆ, ಮಲ್ಲಿಗೆಗಳು ಒಂದು ಕಾಲದಲ್ಲಿ ಲಿನಕ್ಸ್ ಬಳಸುವವರಿಗೆ ಆಧಾರವಾಗಿದ್ದವು. ಕ್ರಮೇಣ ಅವುಗಳ ಸ್ಥಾನವನ್ನು ಬೇರೆಯವು ಆಕ್ರಮಿಸಿದವು. ಸ್ವಯಂಸೇವಕನು ದಣಿದರೆ ಅನುವಾದ ಅರ್ಧಕ್ಕೆ ನಿಲ್ಲುತ್ತದೆ, ದೋಷ ತಿದ್ದದೆ ಉಳಿಯುತ್ತದೆ. ಮುಕ್ತ ತಂತ್ರಾಂಶವನ್ನು ಹೊಗಳುವವರು ಈ ಮಾತನ್ನು ಮರೆಮಾಚುವುದುಂಟು, ಅದು ಸರಿಯಲ್ಲ.

ಆದರೂ ಎರಡು ಬಗೆಯ ಅಳಿವಿಗೂ ಅಂತರವಿದೆ. ತಾಳೆಗರಿಯ ಉದಾಹರಣೆ ಇಲ್ಲಿ ಅಸಂಗತವಾಗಲಾರದು. ಗರಿ ಶಾಶ್ವತವಾದ ವಸ್ತುವಲ್ಲ. ಮಲೆನಾಡಿನ ಮಳೆ, ಹುಳುಗಳ ಕಾಟದಲ್ಲಿ ಅದರ ಆಯುಸ್ಸು ಇನ್ನೂ ಕಡಿಮೆ. ಗ್ರಂಥಗಳು ಉಳಿದದ್ದು ಗರಿಯ ಗಟ್ಟಿತನದಿಂದಲ್ಲ, ಜೀರ್ಣವಾದುದನ್ನು ಹೊಸ ಗರಿಗೆ ಪ್ರತಿಮಾಡುವ ಸಂಪ್ರದಾಯದಿಂದ. ಪ್ರತಿಮಾಡುವವನು ಸೋಮಾರಿಯಾದರೆ ಗ್ರಂಥ ಹೋಗುತ್ತಿತ್ತು. ಆದರೆ ಪ್ರತಿಮಾಡಬಾರದೆಂಬ ನಿಷೇಧವೇ ಇದ್ದಿದ್ದರೆ ಶ್ರಮಶೀಲನಿದ್ದರೂ ಉಳಿಯುತ್ತಿರಲಿಲ್ಲ. ಮುಕ್ತ ತಂತ್ರಾಂಶ ಅನಾದರದಿಂದ ಅಳಿಯಬಹುದು. ಮುಚ್ಚಿದ ತಂತ್ರಾಂಶ ಆದರವಿದ್ದರೂ ಅಳಿಯಬಹುದು. ಮೊದಲನೆಯದಕ್ಕೆ ನಮ್ಮ ಶ್ರಮವೇ ಪರಿಹಾರ, ಎರಡನೆಯದಕ್ಕೆ ನಮ್ಮ ಕೈಯಲ್ಲಿ ಪರಿಹಾರವಿಲ್ಲ.

೭

ಹೀಗಿರಲು ನಮ್ಮ ಕರ್ತವ್ಯವೇನು? ಸಾಧ್ಯವಾದ ಮೂರು ಕೆಲಸಗಳನ್ನು ಸೂಚಿಸಬಹುದು.

ಒಂದು, ವಿಭಾಗಗಳಿಗೆ ಸಲ್ಲುವ ಪ್ರಬಂಧಗಳನ್ನೂ ಪತ್ರಿಕೆಗಳನ್ನೂ ಮುದ್ರಿತ ರೂಪದೊಡನೆ ಯೂನಿಕೋಡ್ ಪಠ್ಯವಾಗಿಯೂ ಕಾದಿಡಬೇಕು. ತುಣುಕು ಪದ್ಧತಿಯ ಹಳೆಯ ಕಡತಗಳನ್ನು, ಅವನ್ನು ಬೆರಳಚ್ಚಿಸಿದವರೂ ಬರೆದವರೂ ಇನ್ನೂ ನಮ್ಮೊಡನಿರುವಾಗಲೇ, ಪರಿವರ್ತಿಸಿ ಮುದ್ರಿತ ಪ್ರತಿಯೊಡನೆ ಹೋಲಿಸಬೇಕು. ಅರ್ಕಾವೊತ್ತಿನ ಸ್ಥಾನಗಳನ್ನು ವಿಶೇಷವಾಗಿ ನೋಡಬೇಕು.

ಎರಡು, ರೈಸ್ ಅವರ ಎಂಟನೆಯ ಸಂಪುಟದ ನಮ್ಮ ಮೂರು ತಾಲೂಕುಗಳ ಶಾಸನಪಾಠವನ್ನು ವಿದ್ಯಾರ್ಥಿಗಳು ಪುಟಕ್ಕೊಬ್ಬರಂತೆ ಹಂಚಿಕೊಂಡು ತಪ್ಪಿಲ್ಲದೆ ಪ್ರತಿಮಾಡಬೇಕು. ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ಸಾಧನವು ೨೦೦೫ರಲ್ಲಿ ಮುಕ್ತವಾಯಿತು. ಅದು ಕನ್ನಡವನ್ನೂ ಓದುತ್ತದೆ. ಆದರೆ ಅದು ಪಳಗಿರುವುದು ಇಂದಿನ ಕನ್ನಡದ ಮೇಲೆ, ೧೯೦೪ರ ಅಚ್ಚುಮೊಳೆಗಳ ಮೇಲಲ್ಲ. ಪುಟದ ಚಿತ್ರ, ಅದರ ಶುದ್ಧಪಾಠ ಎರಡನ್ನೂ ಒದಗಿಸಿದರೆ ಅದನ್ನು ಹೊಸದಾಗಿ ಪಳಗಿಸಬಹುದು. ಈ ಅವಕಾಶ ಮುಕ್ತ ಸಾಧನದಲ್ಲಿ ಉಂಟು. ಇದರಿಂದ ವಿದ್ಯಾರ್ಥಿಗೆ ಶಾಸನಭಾಷೆಯ ಪರಿಚಯವೂ ಆಗುತ್ತದೆ; ಎಲ್ಲ ಸಂಪುಟಗಳ ಓದುಗರಿಗೂ ಉಪಕಾರವಾಗುತ್ತದೆ.

ಮೂರು, ತಿಗಳಾರಿ ಗರಿಗಳನ್ನು ಓದಬಲ್ಲ ಹಿರಿಯರ ನೆರವಿನಿಂದ, ಗರಿಯ ಚಿತ್ರವನ್ನೂ ಅದರ ಕನ್ನಡ ಲಿಪಿಯ ಪಾಠವನ್ನೂ ಜೊತೆಗೂಡಿಸಿ ಪ್ರಕಟಿಸಬೇಕು. ತಂತ್ರಾಂಶ ಬರೆಯುವವರು ಬೇರೆಡೆ ದೊರೆತಾರು. ಈ ಹಿರಿಯರು ದೊರೆಯುವುದಿಲ್ಲ.

ಬಳಪದಿಂದ ಬರೆದು ಬೇಕಾದಾಗ ಒರೆಸಬಹುದಾಗಿದ್ದ ಕರಿಯ ಬಟ್ಟೆಯ ಪುಸ್ತಕಕ್ಕೆ ನಮ್ಮ ಹಿರಿಯರು ಕಡತವೆಂದು ಹೆಸರಿಟ್ಟಿದ್ದರು. ಆ ಹೆಸರು ಇಂದು ಗಣಕಯಂತ್ರದ ಕಡತಕ್ಕೂ ಸಂದಿದೆ. ಎರಡೂ ಅಳಿಸಿಹೋಗಬಲ್ಲವು ಎಂಬ ಎಚ್ಚರವನ್ನು ಆ ಹೆಸರಿನೊಡನೆ ನಾವು ಉಳಿಸಿಕೊಳ್ಳಬೇಕು. ಹೊಸ ಯಂತ್ರಗಳು ಬರುತ್ತಲೇ ಇರುವುವು. ಅವುಗಳಲ್ಲಿ ಕನ್ನಡದ ಸಾಧನಗಳು ದೊರೆಯುತ್ತವೆಯೇ ಎಂದು ಪ್ರತಿಸಲವೂ ಕೇಳುವ ಬದಲು, ದೊರೆಯುವಂತೆ ಮಾಡಬಲ್ಲ ಮೂಲಪಾಠವನ್ನೂ ಅದನ್ನು ತಿದ್ದಬಲ್ಲ ವಿದ್ಯೆಯನ್ನೂ ನಮ್ಮಲ್ಲಿ ಇರಿಸಿಕೊಳ್ಳುವುದು ವಿವೇಕ. ಸಂಶೋಧನ ವಿಭಾಗಗಳು ಇದನ್ನು ತಮ್ಮ ಕಾರ್ಯಕ್ಷೇತ್ರದ ಹೊರಗಿನದೆಂದು ಭಾವಿಸಬಾರದು.